ಮೀಸೆ ತಿರುವಿದರೆ ‘ಅಪ್ಪ’

ಬಾಲಪುಸ್ತಕ ಶಿಸ್ತು ಕಚೇರಿ (ಪ್ರಭಾರ), ಕೂಡ್ಲಿಗಿ
ವ್ಯಾಪ್ತಿ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳು

ಸಂಖ್ಯೆ: ಬಾಶಿಕ/ಸೈನ್/ಮೀಸೆ/07/2024-25
ದಿನಾಂಕ: ಸಹಿ ಬಿದ್ದ ದಿನವೇ ದಿನಾಂಕ

ಸುತ್ತೋಲೆ

ವಿಷಯ: ಕಿವಿ ಕೇಳದ ಮಕ್ಕಳ ಕುರಿತ ಚಿತ್ರಪುಸ್ತಕಗಳಲ್ಲಿ ಕಂಡುಬಂದಿರುವ ಕೈಗಳನ್ನು, ಹಾಗೂ ಸದರಿ ಕೈಗಳನ್ನು ನೋಡಿ ಕಲಿತ ಕೈಗಳನ್ನು ಶಿಸ್ತಿಗೆ ಒಳಪಡಿಸುವ ಬಗ್ಗೆ.

ಉಲ್ಲೇಖ:
1. ಪುಸ್ತಕದ ಕಟ್ಟಿನ ಮೇಲೆ ಅಂಟಿಸಿದ್ದ ಚೀಟಿ: ‘ಸೈನ್ ಭಾಷೆಯ ಚಿತ್ರಪುಸ್ತಕ, ಒಂದು ಪ್ರತಿ’.
2. ಮಾನ್ಯ ಪ್ರಭಾರ ಅಧಿಕಾರಿ ಶ್ರೀ ಭೀಮರಾಜ ಅವರು ಕೆಟ್ಟು ನಿಂತ ಜೀಪಿನ ಪಕ್ಕದಲ್ಲಿ ನಿಂತು ನೀಡಿದ ಮೌಖಿಕ ಆದೇಶ.
3. ಕಚೇರಿ ಅಧೀಕ್ಷಕ ಶ್ರೀ ಗುರುಬಸವರಾಜ ಅವರ ಸ್ಥಳ ತನಿಖಾ ವರದಿ.

ಪ್ರಸ್ತಾವನೆ:

ಉಲ್ಲೇಖ ಮೂರರ ವರದಿಯನ್ನು ಅಧೀಕ್ಷಕರು ಕಚೇರಿ ಪದ್ಧತಿಯಂತೆ ಬರೆಯದೆ, ಊರ ಕಟ್ಟೆಯ ಮೇಲೆ ಕೂತು ಕಥೆ ಹೇಳುವವರಂತೆ ಬರೆದಿರುತ್ತಾರೆ. ಅವರ ತಂದೆಯವರು ಹಳ್ಳಿಯಲ್ಲಿ ಪುರಾಣ ಹೇಳುತ್ತಿದ್ದರೆಂಬುದನ್ನು ಸಹಾನುಭೂತಿಯಿಂದ ಪರಿಗಣಿಸಿ, ಹಾಗೂ ತಿದ್ದುವವರು ರಜೆಯ ಮೇಲಿರುವುದರಿಂದ, ಅದನ್ನು ಇದ್ದಂತೆಯೇ ಅಳವಡಿಸಿಕೊಳ್ಳಲಾಗಿದೆ. ಹೇಳಿಕೆಗಳು ಹೇಳಿದವರ ಬಾಯಲ್ಲಿ ಬಂದಂತೆಯೇ ಇವೆ.

ಹೊಸಹಳ್ಳಿ ಹೋಬಳಿಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಮಕ್ಕಳ ಓದಿಗೆಂದು ಬಂದ ಕಟ್ಟಿನಲ್ಲಿ ‘ಮರಿ ಹುಡುಕಿದ ಚಂಪಿ’ ಎಂಬ ಚಿತ್ರಪುಸ್ತಕವೊಂದಿತ್ತು. ಚಂಪಿಗೆ ಕಿವಿ ಕೇಳಿಸದು. ಅವಳ ಮೇಕೆಮರಿ ಕಳೆದುಹೋಗುತ್ತದೆ. ಮನೆ ಮನೆಯ ಮುಂದೆ ನಿಂತು ಕೈಯಲ್ಲೇ ವಿಚಾರಿಸುತ್ತಾಳೆ. ಊರವರು ಮೊದಲು ನಗುತ್ತಾರೆ, ಆಮೇಲೆ ಅವಳ ಕೈ ನೋಡಿ ತಾವೂ ಕಲಿಯುತ್ತಾರೆ, ಮರಿ ಸಿಗುತ್ತದೆ. ಕಥೆ ಇಷ್ಟೇ. ಆದರೆ ಪುಟ ಪುಟದಲ್ಲೂ ಕೈಗಳಿವೆ. ಮೂಗುತಿಯ ಜಾಗ ಮುಟ್ಟಿದರೆ ಅವ್ವ, ಮೀಸೆ ತಿರುವಿದರೆ ಅಪ್ಪ, ಒಂದು ಕೈ ಇನ್ನೊಂದನ್ನು ಹಿಡಿದರೆ ಗೆಳತಿ, ಹೆಬ್ಬೆರಳು ಎತ್ತಿದರೆ ಚೆನ್ನಾಗಿದೆ.

ಅದೇ ಶಾಲೆಯ ಮೂರನೇ ತರಗತಿಯ ಮುಸ್ಕಾನ್‌ಗೂ ಹುಟ್ಟಿನಿಂದ ಕಿವಿ ಕೇಳಿಸದು. ಪುಸ್ತಕ ಬರುವ ತನಕ ಅವಳು ಶಾಲೆಗೆ ಬರುತ್ತಿದ್ದದ್ದು ಹಿಂಡಿನ ಕೊನೆಯ ಕುರಿಯ ಹಾಗೆ: ಎಲ್ಲರೂ ಎದ್ದರೆ ಎದ್ದಳು, ಎಲ್ಲರೂ ಕೂತರೆ ಕೂತಳು. ಪುಸ್ತಕ ಬಂದ ಮೇಲೆ ಪಕ್ಕದಲ್ಲಿ ಕೂರುವ ಶೈಲಾ ಮೊದಲು ಕಲಿತಳು, ಶೈಲಾಳಿಂದ ಆ ಸಾಲು ಕಲಿಯಿತು, ಸಾಲಿನಿಂದ ತರಗತಿ ಕಲಿಯಿತು. ಮುಸ್ಕಾನ್ ತರಗತಿಯ ಎಲ್ಲರಿಗಿಂತ ಹೆಚ್ಚು ಮಾತಾಡುವ ಹುಡುಗಿಯಾದಳು ಎಂದು ಶಿಕ್ಷಕಿ ಶ್ರೀಮತಿ ಪುಷ್ಪಲತಾ ಅವರು ದೂರಿನ ದನಿಯಲ್ಲಿ, ಆದರೆ ಮುಗುಳ್ನಗುತ್ತ ತಿಳಿಸಿರುತ್ತಾರೆ.

ಇಂಥ ಶಾಲೆಗೆ ಮಾನ್ಯ ಪ್ರಭಾರ ಅಧಿಕಾರಿಗಳು ತಪಾಸಣೆಗೆ ಬಂದರು. ಅವರು ಆ ವಾರವಷ್ಟೇ ಹರಕೆ ತೀರಿಸಿ ಮುಡಿ ಕೊಟ್ಟು ಬಂದಿದ್ದರು. ಮುಡಿಯೊಂದಿಗೆ ಮೀಸೆಯೂ ದೇವರ ಪಾಲಾಗಿತ್ತು. ಮೀಸೆಯಿಲ್ಲದ ಮುಖವನ್ನು ಕಚೇರಿಯಲ್ಲಿ ಯಾರೂ ನೇರವಾಗಿ ನೋಡುತ್ತಿರಲಿಲ್ಲ, ನೋಡದಿರುವುದನ್ನು ಅವರು ಗಮನಿಸುತ್ತಿದ್ದರು.

ತಪಾಸಣೆ ಮುಗಿದು ಜೀಪು ಹತ್ತಿದರೆ ಜೀಪು ಕೆಮ್ಮಿತು, ನಡುಗಿತು, ಸುಮ್ಮನಾಯಿತು. ಚಾಲಕನೂ ಜವಾನನೂ ಆಗಿರುವ ಮೈಲಪ್ಪ ಬಾನೆಟ್ ಎತ್ತಿ, ಒಳಗೆ ಉತ್ಸವಮೂರ್ತಿ ಇದೆಯೇನೋ ಎಂಬಂತೆ ಭಕ್ತಿಯಿಂದ ನೋಡಿ, ಮತ್ತೆ ಮುಚ್ಚಿದ. ಆಗ ಮುಸ್ಕಾನ್ ಬೀಳ್ಕೊಡಲು ನಿಂತಿದ್ದ ಮಕ್ಕಳ ಸಾಲಿನಿಂದ ಮುಂದೆ ಬಂದು, ಜೀಪಿನ ಕಡೆ ಬೆರಳು ತೋರಿಸಿ, ಮಾನ್ಯರ ಮುಖವನ್ನೇ ನೋಡುತ್ತ, ತುಟಿಯ ಮೇಲೆ ಬೆರಳಿಟ್ಟು ಇಲ್ಲದ ಮೀಸೆಯನ್ನು ತಿರುವಿದಳು.

ಈ ಐದೂ ತಾಲ್ಲೂಕುಗಳಲ್ಲಿ ಒಬ್ಬರ ಮುಖ ನೋಡಿ ಮೀಸೆ ತಿರುವಿದರೆ ಏನರ್ಥವೆಂದು ವಿವರಿಸುವ ಅಗತ್ಯವಿರುವುದಿಲ್ಲ. ಹೊಲದ ಬದುವಿನ ಜಗಳಗಳಲ್ಲಿ ಕುಡುಗೋಲು ಬರುವುದು ಆಮೇಲೆ, ಮೊದಲು ಬರುವುದು ಮೀಸೆ.

“ಏನಂತಾಳ ಆ ಹುಡಿಗಿ?” ಎಂದರು ಮಾನ್ಯರು.

“ಅಪ್ಪ ಅಂತಾಳ್ರಿ ಸರ,” ಎಂದಳು ಶೈಲಾ.

“ಯಾರಿಗೆ ಯಾರು ಅಪ್ಪ?”

ಪುಷ್ಪಲತಾ ಅವರು ಅಡ್ಡ ಬಂದು, “ಸರ, ಆಕಿಗೆ ಮಾತು ಬರಂಗಿಲ್ರಿ. ಆಕಿ ಸೈನ್ ಮಾಡ್ತಾಳ. ಪುಸ್ತಕ ನೋಡಿ ಕಲ್ತಾಳ,” ಎಂದರು.

“ಎಂಟು ವರ್ಷದಾಕಿ ಸೈನ್ ಮಾಡ್ತಾಳ? ಯಾವ ಕಾಗದಕ್ಕ ಮಾಡ್ಯಾಳ? ಮಾಡು ಅಂತ ಯಾರು ಹೇಳಿದ್ರು?”

“ಕಾಗದಕ್ಕಲ್ರಿ ಸರ, ಕೈಲೆ ಮಾಡ್ತಾಳ.”

“ಕೈಲೆ ಅಲ್ದ ಕಾಲ್ಲೆ ಮಾಡ್ತಾರೇನ್ರಿ ಮೇಡಂ ಸೈನು?”

ಪುಸ್ತಕ ಜಪ್ತಾಯಿತು. ಆ ಹುಡುಗಿಯ ಕೈ ಕಟ್ಟಿಸಿ ಕೂರಿಸಬೇಕೆಂದೂ, ಅವಳು ಎಲ್ಲೆಲ್ಲಿ ಸೈನ್ ಮಾಡಿದ್ದಾಳೆಂಬುದನ್ನು ಪತ್ತೆ ಹಚ್ಚಬೇಕೆಂದೂ ಮೌಖಿಕ ಆದೇಶವಾಯಿತು.

ಅಷ್ಟರಲ್ಲಿ ಮೈಲಪ್ಪ ಊರೊಳಗೆ ಹೋಗಿ ಮೆಕ್ಯಾನಿಕ್ ಒಬ್ಬರನ್ನು ಕರೆತಂದಿದ್ದ. ಬಸ್ ನಿಲ್ದಾಣದ ಪಕ್ಕ ಟ್ರ್ಯಾಕ್ಟರು, ಮೋಟಾರ್ ಸೈಕಲ್ಲು ರಿಪೇರಿ ಮಾಡುವ ನೂರ್ ಅಹಮದ್. ಅವರ ಮೀಸೆ ಊರಲ್ಲೇ ಹೆಸರಾದದ್ದು. ಅವರು ಜೀಪಿನ ಹೊಟ್ಟೆಯೊಳಗೆ ಕೈ ಹಾಕಿ ಕೆಲಸ ಮಾಡುತ್ತಿದ್ದಷ್ಟು ಹೊತ್ತು ಮಾನ್ಯರು ಆ ಅಧಿಕಪ್ರಸಂಗಿ ಹುಡುಗಿಯ ಸುದ್ದಿ ಹೇಳುತ್ತಲೇ ಇದ್ದರು. ನೂರ್ ಅಹಮದ್ ಕೈ ಒರೆಸಿಕೊಂಡು ಹೇಳಿದರು:

“ಸರ, ಆಕಿ ನನ್ನ ಮಗಳ್ರಿ. ಗಾಡಿ ನಿಂತೈತಿ, ನಮ್ಮಪ್ಪನ್ನ ಕರೀರಿ, ಚಾಲೂ ಮಾಡ್ತಾನ ಅಂತ ಹೇಳ್ಯಾಳ.”

“ಹಂಗಾರ ಮೀಸಿ ಯಾಕ ತಿರುವಿದ್ಲು?”

“ನನಗ ಐತಲ್ರಿ.”

ಜೀಪು ಚಾಲೂ ಆಯಿತು. ತಪ್ಪು ತಿಳುವಳಿಕೆಯೂ ಅಲ್ಲಿಗೇ ತಿಳಿಯಾಯಿತು. ಆದರೆ ಆದೇಶ ಆಗಲೇ ಹೊರಟಾಗಿತ್ತು. ಹೊರಟ ಆದೇಶಕ್ಕೆ ಬೇಕಾದ ಕಾರಣವು ಇಲ್ಲವಾದ ಮಾತ್ರಕ್ಕೆ ಆದೇಶವೂ ಇಲ್ಲವಾಗುವುದಿಲ್ಲ ಎಂಬುದು ಈ ಕಚೇರಿಯ ಹಳೆಯ ನಡಾವಳಿ.

ಮುಂದಿನ ವಾರ ಅಧೀಕ್ಷಕ ಗುರುಬಸವರಾಜ ಅವರು ತನಿಖೆಗೆಂದು ಬಸ್ಸಿನಲ್ಲಿ ಹೋದರು. ಹಣೆಯ ಮೇಲಿನ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಅವರು ಒಳಗೆ ಕಾಲಿಟ್ಟಾಗ ಪುಷ್ಪಲತಾ ಅವರು ಗಾಬರಿಯಿಂದ, ತಲೆತಲಾಂತರದಿಂದ ಎಲ್ಲ ಶಿಕ್ಷಕರೂ ಹೇಳುತ್ತ ಬಂದಿರುವ ಮಾತನ್ನೇ ಹೇಳಿದರು: “ಕೈ ಕಟ್ರಿ, ಬಾಯಿ ಮುಚ್ರಿ.” ಎಲ್ಲ ಮಕ್ಕಳೂ ಕೈ ಕಟ್ಟಿದರು. ಶೈಲಾ ಮೊಣಕೈಯಿಂದ ತಿವಿದಾಗ ಮುಸ್ಕಾನ್ ಕೂಡ ಕಟ್ಟಿದಳು. ಅಧೀಕ್ಷಕರಿಗೆ ಆಗ ಹೊಳೆಯಿತು: ಉಳಿದ ಮಕ್ಕಳಿಗೆ ಅವು ಎರಡು ಅಪ್ಪಣೆ, ಆ ಒಬ್ಬಳಿಗೆ ಮಾತ್ರ ಎರಡೂ ಒಂದೇ. ಅವಳ ಮುಖದಲ್ಲಿ ಅಳು ಇರಲಿಲ್ಲ, ಸಿಟ್ಟು ಇರಲಿಲ್ಲ. ಪುಸ್ತಕ ಬರುವ ಮೊದಲು ಹೇಗೆ ಕೂರುತ್ತಿದ್ದಳೋ ಹಾಗೆ ಕೂತಿದ್ದಳು.

ಗುರುಬಸವರಾಜ ಅವರು ದಿನಾ ಮುಂಜಾನೆ ಎಡಗೈಯ ಮೇಲೆ ಲಿಂಗವಿಟ್ಟುಕೊಂಡು, ತುಟಿ ಅಲುಗಿಸದೆ, ಅಂಗೈಯನ್ನೇ ದಿಟ್ಟಿಸುತ್ತ ಕೂರುವ ಮನುಷ್ಯ. ಆ ಹೊತ್ತಿನಲ್ಲಿ ಒಂದು ಸೊಲ್ಲೂ ಹೊರಡುವುದಿಲ್ಲ, ಎದ್ದಾಗ ಎಷ್ಟೋ ಮಾತಾಡಿದ ಹಗುರ ಇರುತ್ತದೆ. ಕೈಯಲ್ಲಿ ಮಾತು ಇರಲಾರದು ಎಂದು ಬರೆಯುವುದು ಅವರಿಂದ ಆಗಲಿಲ್ಲ. (ಈ ಎರಡು ಮೂರು ವಾಕ್ಯಗಳು ಕಡತಕ್ಕೆ ಸಂಬಂಧಿಸಿರುವುದಿಲ್ಲ. ಅಳಿಸಲು ಪ್ರತ್ಯೇಕ ಆದೇಶ ಬೇಕಾಗಿರುವುದರಿಂದ ಉಳಿಸಿಕೊಳ್ಳಲಾಗಿದೆ.)

ಮೇಲ್ಕಂಡ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸದೆ, ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಅರ್ಥ ನಿರ್ಣಯ. ಈ ಕಚೇರಿಯಲ್ಲಿ ‘ಸೈನ್’ ಎಂದರೆ ಸಹಿ. ಬೇರೆ ಅರ್ಥ ಇಲ್ಲಿಯವರೆಗೆ ಬೇಕಾಗಿರಲಿಲ್ಲ. ಆದ್ದರಿಂದ ‘ಸೈನ್ ಭಾಷೆ’ ಎಂಬುದನ್ನು ಸಹಿ ಭಾಷೆ ಎಂದೇ ಓದಿಕೊಳ್ಳತಕ್ಕದ್ದು. ಕೈಸನ್ನೆ ಎಂಬ ಅರ್ಥವೂ ಉಂಟೆಂದು ಅಧೀಕ್ಷಕರು ಕಡತದ ಅಂಚಿನಲ್ಲಿ ಬರೆದಿದ್ದು, ಅಂಚಿನಲ್ಲಿ ಬರೆದದ್ದು ಅಂಚಿನಲ್ಲಿಯೇ ಇರತಕ್ಕದ್ದೆಂದು ತೀರ್ಮಾನಿಸಲಾಗಿದೆ.

2. ಅಪ್ರಾಪ್ತರ ಸೈನ್. ಹದಿನೆಂಟು ತುಂಬದವರು ಸೈನ್ ಮಾಡಲು ಅರ್ಹರಲ್ಲ. ಆದಕಾರಣ ಅಪ್ರಾಪ್ತ ಬಾಲಕಿಯು ಕೈಯಿಂದ ‘ನೀರು’ ಎಂದಲ್ಲಿ, ಪೋಷಕರನ್ನು ಕರೆಸಿ, ಅದೇ ‘ನೀರು’ ಎಂಬುದನ್ನು ಅವರ ಕೈಯಿಂದ ಮತ್ತೊಮ್ಮೆ ಮಾಡಿಸಿ, ಅದರ ಕೆಳಗೆ ದಿನಾಂಕವನ್ನೂ ಕೈಯಿಂದಲೇ ಮಾಡಿಸತಕ್ಕದ್ದು. ಪೋಷಕರು ಬರುವವರೆಗೆ ಸದರಿ ಬಾಯಾರಿಕೆಯನ್ನು ಬಾಕಿ ಕಡತವೆಂದು ಪರಿಗಣಿಸತಕ್ಕದ್ದು. ಎರಡೂ ಕೈ ಬಳಸಿ ಹೇಳುವ ಮಾತುಗಳು ಜಂಟಿ ಸಹಿಯ ವ್ಯಾಪ್ತಿಗೆ ಬರುತ್ತವೆ. ಎಡಗೈ ಮತ್ತು ಬಲಗೈ ಒಬ್ಬರದೇ ಆಗಿದ್ದಲ್ಲಿ ಅದನ್ನು ಹಿತಾಸಕ್ತಿ ಸಂಘರ್ಷವೆಂದು ಭಾವಿಸಲಾಗುವುದು.

3. ಮೀಸೆ. ಅಧಿಕಾರಿಗಳ ಸಮಕ್ಷಮದಲ್ಲಿ ‘ಅಪ್ಪ’ ಎಂಬ ಪದವನ್ನು ಬಳಸದಿರುವಂತೆ ಈ ಮೂಲಕ ಸೂಚಿಸಲಾಗಿದೆ. ಅನಿವಾರ್ಯವಾದಲ್ಲಿ, ಅಧಿಕಾರಿಗಳಿಗೆ ಬೆನ್ನು ತಿರುಗಿಸಿ ನಿಂತು, ಅರ್ಧ ಮೀಸೆಯನ್ನು ಮಾತ್ರ, ಕೆಳಮುಖವಾಗಿ ತಿರುವತಕ್ಕದ್ದು. ತಂದೆಗೆ ಮೀಸೆಯಿಲ್ಲದ ಮಕ್ಕಳು ಮೀಸೆ ತಿರುವಿದರೆ ಸುಳ್ಳು ಮಾಹಿತಿ ನೀಡಿದಂತಾಗುತ್ತದೆ. ಮಾನ್ಯ ಪ್ರಭಾರ ಅಧಿಕಾರಿಗಳ ಮೀಸೆಯು ಪ್ರಸ್ತುತ ಪ್ರಗತಿಯಲ್ಲಿರುತ್ತದೆ. ಅದು ಪೂರ್ಣಗೊಂಡ ನಂತರ ಈ ಖಂಡವನ್ನು ಪುನರ್‌ಪರಿಶೀಲಿಸಲಾಗುವುದು.

4. ಮೂಗು. ಮೂಗು ಮುಟ್ಟಿದರೆ ‘ಅವ್ವ’ ಎಂದಾಗುವುದರಿಂದ, ನೆಗಡಿಯಾದ ಮಕ್ಕಳು ತರಗತಿಯಲ್ಲಿ ಮೂಗು ಒರೆಸಿಕೊಳ್ಳುವ ಮುನ್ನ ತಾವು ತಾಯಿಯನ್ನು ಕರೆಯುತ್ತಿಲ್ಲವೆಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು. ಮುಚ್ಚಳಿಕೆಗೆ ಸೈನ್ ಮಾಡುವಂತಿಲ್ಲ (ಖಂಡ 2 ನೋಡಿ).

5. ಹೆಬ್ಬೆರಳು. ಹೆಬ್ಬೆರಳು ಎತ್ತಿ ‘ಚೆನ್ನಾಗಿದೆ’ ಎನ್ನುವುದು ಹೆಬ್ಬೆಟ್ಟು ಗುರುತಿಗೆ ಸಮನಾದ್ದರಿಂದ, ಪ್ರತಿ ‘ಚೆನ್ನಾಗಿದೆ’ಯ ನಂತರ ಆ ಬೆರಳನ್ನು ಇಂಕ್ ಪ್ಯಾಡಿಗೆ ಒತ್ತತಕ್ಕದ್ದು. ಊಟ ಚೆನ್ನಾಗಿದೆ ಎನ್ನುವ ಮಕ್ಕಳು ಊಟಕ್ಕೆ ಮುಂಚೆಯೇ ಹೇಳಿ, ಕೈ ತೊಳೆದು, ನಂತರ ಉಣ್ಣತಕ್ಕದ್ದು.

ಈ ಖಂಡದ ವಿಷಯದಲ್ಲಿ ಬಾಲಕಿಯ ಅಜ್ಜಿ ಖಾಸಿಂ ಬೀ ಅವರ ಹೇಳಿಕೆ ಪಡೆಯಲು ಅಧೀಕ್ಷಕರು ಅವರ ಮನೆಗೆ ಹೋಗಿರುತ್ತಾರೆ. ಅವರು ಜಗುಲಿಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಹೀಗೆ ಹೇಳಿರುತ್ತಾರೆ:

“ಬರ್ರಿ ಸಾಬ್ರ, ಕುಂದರ್ರಿ. ನನಗ ಓದಾಕ ಬರಂಗಿಲ್ಲ. ಹುಟ್ಟಿದಾಗಿಂದ ಹೆಬ್ಬೆಟ್ಟು ಒತ್ತಿದಾಕಿ. ಆ ಪುಸ್ತಕ ಬಂದ್ ಮ್ಯಾಲ ನನ್ನ ಮೊಮ್ಮಗಳು ನನಗ ಹೇಳಿಕೊಟ್ಲು, ನಾನಿ, ಈ ಬಟ್ಟು ಎತ್ತಿದ್ರ ಚಲೋ ಐತಿ ಅಂತ ಅರ್ಥ ಅಂತ. ನನಗ ನಗು ಬಂತ್ರಿ. ರೇಷನ್ ಅಂಗಡ್ಯಾಗ ತೂಕ ಕಮ್ಮಿ ಕೊಟ್ಟಾಗ್ಲೂ ಒತ್ತೀನಿ, ಆಫೀಸ್ನ್ಯಾಗ ನಾಕು ಸಲ ತಿರುಗ್ಯಾಡಿಸಿ ಕಾಗದ ಮುಂದ ಹಿಡದಾಗ್ಲೂ ಒತ್ತೀನಿ. ಅಂದ್ರ ಇಷ್ಟು ವರ್ಷ ನಿಮಗೆಲ್ಲಾರಿಗೂ ನಾನು ಚಲೋ ಐತಿ, ಚಲೋ ಐತಿ ಅಂತ ಹೇಳ್ಕೊಂತ ಬಂದಂಗಾತಲ್ರಿ.”

ಪುಸ್ತಕ ಹೋದ ಮೇಲೆ ಹುಡುಗಿ ಹೇಗಿದ್ದಾಳೆಂದು ಅಧೀಕ್ಷಕರು ಕೇಳಿದರು.

“ಅದಾಳ. ಸಾಲಿಂದ ಬರ್ತಾಳ, ಕೈ ಎರಡೂ ಫ್ರಾಕಿನೊಳಗ ಮುಚ್ಚಿಟ್ಟುಕೊಂಡು ಕುಂದರ್ತಾಳ. ನಾನು ಮೀಸಿ ತಿರುವಿ ನಿಮ್ಮಪ್ಪ ಎಲ್ಲಿ ಅಂತ ಕೇಳಿದ್ರ, ನನ್ನ ಕೈ ಹಿಡದು ಕೆಳಗ ಇಳಸ್ತಾಳ. ಅಜ್ಜಿನೂ ಹಿಡ್ಕೊಂಡು ಹೋಗ್ತಾರ ಅಂತ ಹೆದರಿಕಿ ಇರಬೇಕು. ಆ ಪುಸ್ತಕ ಕೊಟ್ಟುಬಿಡ್ರಿ ಸಾಬ್ರ. ಬ್ಯಾರೇದು ಏನೂ ಕೇಳಂಗಿಲ್ಲ ನಾವು.”

ಈ ಹೇಳಿಕೆಗೆ ಖಾಸಿಂ ಬೀ ಅವರ ಹೆಬ್ಬೆಟ್ಟು ಗುರುತು ಪಡೆಯಲು ಹೋದಾಗ, “ಇದಕ್ಕ ಒತ್ತಂಗಿಲ್ಲ,” ಎಂದು ನಿರಾಕರಿಸಿರುತ್ತಾರೆ. ಆದ್ದರಿಂದ ಹೇಳಿಕೆಯು ಅಪೂರ್ಣವೆಂದು ದಾಖಲಿಸಲಾಗಿದೆ.

6. ನಿಶ್ಶಬ್ದ ಗದ್ದಲ. ಪಾಠ ನಡೆಯುವಾಗ ಮಕ್ಕಳು ಕೈಯಲ್ಲಿ ಮಾತಾಡಿಕೊಂಡಲ್ಲಿ ಶಬ್ದವಾಗುವುದಿಲ್ಲ. ಶಬ್ದವಾಗದ ಗಲಾಟೆಯು ಶಬ್ದವಾಗುವ ಗಲಾಟೆಗಿಂತ ಗಂಭೀರವಾದುದು, ಏಕೆಂದರೆ ಅದು ಮುಖ್ಯೋಪಾಧ್ಯಾಯರ ಕೊಠಡಿಯವರೆಗೆ ಕೇಳಿಸುವುದಿಲ್ಲ. ಇಂಥ ಗಲಾಟೆಯನ್ನು ಕಿವಿಗೊಟ್ಟು ನೋಡತಕ್ಕದ್ದು. ತಪ್ಪಿತಸ್ಥರನ್ನು ಎರಡೂ ಕೈ ಮೇಲೆತ್ತಿಸಿ ನಿಲ್ಲಿಸತಕ್ಕದ್ದು.

ತನಿಖೆಯ ದಿನ ಈ ಶಿಕ್ಷೆಯನ್ನು ಪ್ರಾಯೋಗಿಕವಾಗಿ ವಿಧಿಸಿದಾಗ ಮುಸ್ಕಾನ್ ಹೊರತು ತರಗತಿಯ ಎಲ್ಲರೂ ಸಂತೋಷದಿಂದ ಕೈ ಮೇಲೆತ್ತಿ ಅಂಗೈಗಳನ್ನು ಅಲುಗಿಸತೊಡಗಿದರು. ಸದರಿ ಭಾಷೆಯಲ್ಲಿ ಅದು ಚಪ್ಪಾಳೆ ಎಂದು ಶೈಲಾ ತಿಳಿಸಿದ್ದು, ಕಚೇರಿಗೆ ಶಾಲೆಯೊಂದರಿಂದ ಇಷ್ಟೊಂದು ಚಪ್ಪಾಳೆ ಹಿಂದೆಂದೂ ದೊರೆತಿರದ ಕಾರಣ, ಶಿಕ್ಷೆಯನ್ನು ಮುಂದುವರಿಸಲಾಗಿದೆ.

7. ಊರುಗಳ ಹೆಸರು. ವ್ಯಾಪ್ತಿಯ ಐದೂ ತಾಲ್ಲೂಕುಗಳಿಗೆ ಅಧಿಕೃತ ಕೈಸೈನ್ ನಿಗದಿಪಡಿಸುವ ಸಭೆ ಕರೆಯಲಾಗಿತ್ತು. ಹಡಗಲಿಗೆ ಹಡಗು ತೋರಿಸಬೇಕೆಂಬ ಸಲಹೆಯನ್ನು, ಹಡಗು ಖರೀದಿಸಲು ಅನುಮತಿಯಿಲ್ಲವೆಂದು ಕೈಬಿಡಲಾಯಿತು. ಹರಪನಹಳ್ಳಿಯವರು ತಮ್ಮದನ್ನು, ತಾವು ಮೊದಲಿದ್ದ ದಾವಣಗೆರೆ ಜಿಲ್ಲೆಯ ಕಡೆ ಕೈ ಚಾಚಿ ತೋರಿಸಬೇಕೆಂದರು. ಕೂಡ್ಲಿಗಿಗೆ ಎರಡು ಕೈ ಕೂಡಿಸಿದರೆ ಸಾಕೆಂದರೂ, ಅದು ಖಂಡ 2ರ ಪ್ರಕಾರ ಜಂಟಿ ಸಹಿಯಾಗುತ್ತದೆ. ಹಗರಿಬೊಮ್ಮನಹಳ್ಳಿಯನ್ನು ಅಕ್ಷರ ಅಕ್ಷರವಾಗಿ ಬೆರಳಲ್ಲಿ ಬರೆಯತಕ್ಕದ್ದೆಂದು ತೀರ್ಮಾನವಾಗಿದ್ದು, ಪ್ರಯೋಗಕ್ಕೆ ನಿಂತ ಸಿಬ್ಬಂದಿ ‘ಬೊಮ್ಮ’ದವರೆಗೆ ಬಂದಾಗ ಬಸ್ಸು ಹೋಗಿರುತ್ತದೆ. ಮೊಟಕುಗೊಳಿಸಿ ಎಚ್.ಬಿ. ಹಳ್ಳಿ ಎನ್ನುವಂತಿಲ್ಲ. ಕೊಟ್ಟೂರಿಗೆ ‘ಕೊಟ್ಟಂತೆ’ ಕೈ ಚಾಚುವ ಸೈನ್ ಸರ್ವಾನುಮತದಿಂದ ಒಪ್ಪಿತವಾಯಿತು. ಆದರೆ ಕಚೇರಿ ಆವರಣದಲ್ಲಿ ಇದನ್ನು ಮಾಡುವ ಸಾರ್ವಜನಿಕರು ತಾವು ಊರಿನ ಹೆಸರನ್ನಷ್ಟೇ ಹೇಳುತ್ತಿದ್ದೇವೆಂಬುದನ್ನು ಮೊದಲೇ ಸ್ಪಷ್ಟಪಡಿಸತಕ್ಕದ್ದು. ಇಲ್ಲವಾದಲ್ಲಿ ಸಿಬ್ಬಂದಿಯ ಕೈ ರೂಢಿಯಂತೆ ಮುಂದೆ ಬಂದೀತು.

8. ವಿನಾಯಿತಿ. ಕಚೇರಿ ಸಿಬ್ಬಂದಿ ಅನಾದಿ ಕಾಲದಿಂದ ಬಳಸುತ್ತಿರುವ ಕೈಸನ್ನೆಗಳಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ. ತಲೆ ಎತ್ತದೆ ಕೈಯ ಹಿಂಭಾಗವನ್ನು ಅಲುಗಿಸುವುದು (‘ನಾಳೆ ಬಾ’), ಪೆನ್ನಿನ ತುದಿಯಿಂದ ಬೇರೆ ಮೇಜನ್ನು ತೋರಿಸುವುದು (‘ನನ್ನದಲ್ಲ’), ಗೋಡೆಯ ಗಡಿಯಾರದ ಕಡೆ ಗದ್ದ ಎತ್ತುವುದು (‘ಊಟದ ಹೊತ್ತು’) ಇವು ಸಾಂಪ್ರದಾಯಿಕವಾಗಿದ್ದು ಇವಕ್ಕೆ ಚಿತ್ರಪುಸ್ತಕದ ಅಗತ್ಯವಿರುವುದಿಲ್ಲ. ಸಾರ್ವಜನಿಕರು ಒಂದೆರಡು ಸಲ ಬಂದು ಹೋದರೆ ತಾವಾಗಿಯೇ ಕಲಿಯುತ್ತಾರೆ. ಮೊಮ್ಮಗಳ ಶಾಲೆಗೆ ಪುಸ್ತಕ ಬಂದಿಲ್ಲವೆಂದು ಕೇಳಲು ಕೋಗಳಿಯಿಂದ ಬಂದಿದ್ದ ದ್ಯಾಮಕ್ಕ ಎಂಬುವರು ಇದನ್ನು ದೃಢೀಕರಿಸಿ, “ಕೈ ಹಿಂಗಂದ್ರ ನಾಳಿ, ಹಂಗಂದ್ರ ಆ ಕಡಿ ಟೇಬಲ್ಲು. ಎಲ್ಲಾ ತಿಳಿತೈತ್ರಿ ನನಗ. ಕಿವಿ ಇದ್ದೂ ಕಿವುಡಿ ಆಗೀನಿ ನಿಮ್ಮ ಆಫೀಸ್ನ್ಯಾಗ,” ಎಂದು ಮೆಚ್ಚುಗೆ ವ್ಯಕ್ತಪಡಿಸಿರುತ್ತಾರೆ.

9. ಪುಸ್ತಕದ ಸುಪರ್ದು. ಜಪ್ತಾದ ಪುಸ್ತಕವನ್ನು ಕಚೇರಿಯ ಬೀರುವಿನಲ್ಲಿ ಇಡಲಾಗಿತ್ತು. ಅದರ ವಿಷಯ ಯಾರ ಬಾಯಿಂದಲೂ ಹೊರಬೀಳಬಾರದೆಂದು ಮಾನ್ಯರು ಕಟ್ಟುನಿಟ್ಟಾಗಿ ಆದೇಶಿಸಿದ್ದರು. ಆದಾಗ್ಯೂ, ಬೀರುವಿನ ಕೀಲಿ ಇಟ್ಟುಕೊಂಡಿದ್ದ ಮೈಲಪ್ಪ ಪುಸ್ತಕವನ್ನು ಚಹಾದ ಅಂಗಡಿಗೆ ಒಯ್ದು ಮೇಕೆಮರಿಯ ಕಥೆಯನ್ನು ಆದ್ಯಂತ ಹೇಳಿದ್ದರಿಂದ, ಆ ಅಂಗಡಿಯಲ್ಲಿ ಈಗ ಅರ್ಧ ಜನ ಬಾಯಿ ತೆರೆಯದೆ ಚಹಾ ಕೇಳುತ್ತಿರುತ್ತಾರೆ. ಈ ಬಗ್ಗೆ ವಿವರಣೆ ಕೇಳಲಾಗಿ, “ಕಥಿ ಛಲೋ ಐತ್ರಿ ಸರ, ಮರಿ ಸಿಗೂತನಕ ಎದ್ದು ಬರಾಕ ಆಗ್ಲಿಲ್ಲ,” ಎಂದು ಉತ್ತರಿಸಿರುತ್ತಾರೆ.

ಇದನ್ನು ತಪ್ಪಿಸಲು, ಏನೇ ಆದರೂ ಬಾಯಿ ಬಿಡದ ವ್ಯಕ್ತಿಯೊಬ್ಬರ ಸುಪರ್ದಿಗೆ ಪುಸ್ತಕವನ್ನು ಒಪ್ಪಿಸುವುದು ಸೂಕ್ತವೆಂದು ಅಧೀಕ್ಷಕರು ಕರಡಿನಲ್ಲಿ ಪ್ರಸ್ತಾಪಿಸಿದರು. ಮಾನ್ಯರು ಅದನ್ನೋದಿ, “ಬರೋಬ್ಬರಿ ಐತಿ. ಬಾಯಿ ಬಿಡದವರ ಕೈಗೇ ಕೊಡ್ರಿ. ಅಂಥವರು ಸಿಗಬೇಕಲ್ಲ,” ಎಂದು ಒಪ್ಪಿದರು.

“ಹುಡುಕ್ತೀನ್ರಿ ಸರ,” ಎಂದರು ಗುರುಬಸವರಾಜ.

ಅದರಂತೆ ಶೋಧನೆ ಕೈಗೊಳ್ಳಲಾಯಿತು. ಮೈಲಪ್ಪನ ವಿಷಯ ಮೇಲೆ ಹೇಳಿದೆ. ಇತರೆ ಸಿಬ್ಬಂದಿ ಆ ಚಹಾದ ಅಂಗಡಿಯ ಕಾಯಂ ಗಿರಾಕಿಗಳು. ಮಾನ್ಯ ಪ್ರಭಾರ ಅಧಿಕಾರಿಗಳು ಸ್ವತಃ ಹರಪನಹಳ್ಳಿಯ ಸಭೆಯೊಂದರಲ್ಲಿ ಮರಿ ಸಿಕ್ಕ ಪ್ರಸಂಗವನ್ನು ಹೇಳಿ ಸಭಿಕರ ಕಣ್ಣು ಒದ್ದೆ ಮಾಡಿದ್ದು ವರದಿಯಾಗಿದೆ. ಅಧೀಕ್ಷಕರು ಪುರಾಣಿಕರ ಮಗ, ಅವರನ್ನು ನಂಬುವಂತಿಲ್ಲ. ಹೀಗೆ ಒಬ್ಬೊಬ್ಬರನ್ನೇ ಬಿಡುತ್ತ ಬಂದು, ಐದೂ ತಾಲ್ಲೂಕುಗಳಲ್ಲಿ ನಿಯಮಕ್ಕೆ ಪೂರ್ಣವಾಗಿ ಒಪ್ಪುವವರು ಒಬ್ಬರೇ ಉಳಿದಿರುತ್ತಾರೆ: ಕುಮಾರಿ ಮುಸ್ಕಾನ್, ತಂದೆ ನೂರ್ ಅಹಮದ್, ಮೂರನೇ ತರಗತಿ. ಈ ಹೆಸರು ಕರಡಿನ ಹಿಂಬದಿಯಲ್ಲಿದ್ದು, ಆ ವೇಳೆಗೆ ಮಾನ್ಯರಿಗೆ ಸಭೆಗೆ ಹೊತ್ತಾಗಿದ್ದರಿಂದ, ಮುಂಬದಿಗೆ ಬಿದ್ದ ಸಹಿಯನ್ನೇ ಹಿಂಬದಿಗೂ ವಿಸ್ತರಿಸಿಕೊಳ್ಳಲಾಗಿದೆ.

ಆದಕಾರಣ ಸದರಿ ಪುಸ್ತಕವನ್ನು ಸದರಿಯವರ ಸುಪರ್ದಿಗೆ ನೀಡಲು ಆದೇಶಿಸಲಾಗಿದೆ. ಪುಸ್ತಕವು ಸದಾ ಅವರ ಕೈಯಲ್ಲಿಯೇ ಇರತಕ್ಕದ್ದು. ಮನೆಗೆ ಒಯ್ಯತಕ್ಕದ್ದು. ಅದರ ವಿಷಯ ತಿಳಿಯಬಯಸುವ ಯಾರೇ ಆದರೂ, ಶಿಕ್ಷಕರಾಗಲಿ, ಅಧಿಕಾರಿಗಳಾಗಲಿ, ಅವರ ಮುಂದೆ ಹೋಗಿ ಕೂತು ಕೇಳತಕ್ಕದ್ದು, ಅವರು ಬಾಯಿಂದಲ್ಲದೆ ಬೇರೆ ಯಾವುದೇ ರೀತಿಯಲ್ಲಿ ತಿಳಿಸತಕ್ಕದ್ದು. ಸುಪರ್ದುದಾರರು ಕೈ ಕಟ್ಟಿ ಕೂತರೆ ಪುಸ್ತಕ ಕೆಳಗೆ ಬೀಳುವ ಸಂಭವವಿರುವುದರಿಂದ, ಯಾರೂ ಅವರಿಗೆ ಇನ್ನು ಮುಂದೆ ಕೈ ಕಟ್ಟಲು ಹೇಳತಕ್ಕದ್ದಲ್ಲ.

10. ಪಾಲನಾ ವರದಿ. ಈ ಆದೇಶವನ್ನು ಜಾರಿಗೊಳಿಸಲು ಅಧೀಕ್ಷಕರು ಮತ್ತೆ ಬಸ್ಸಿನಲ್ಲಿ ಹೋಗಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಶಾಲೆಯ ಬೇವಿನ ಮರದ ಕೆಳಗೆ ಪುಸ್ತಕವನ್ನು ಒಪ್ಪಿಸಿರುತ್ತಾರೆ. ಮಕ್ಕಳೆಲ್ಲ ಸುತ್ತ ನಿಂತಿದ್ದರು. ಮುಸ್ಕಾನ್ ಮೊದಲು ಫ್ರಾಕಿನೊಳಗಿನ ಕೈ ತೆಗೆಯಲಿಲ್ಲ. ಶೈಲಾಳ ಮುಖ ನೋಡಿದಳು, ಪುಷ್ಪಲತಾ ಟೀಚರ ಮುಖ ನೋಡಿದಳು, ಕೊನೆಗೆ ಅಧೀಕ್ಷಕರ ಮುಖ ನೋಡಿದಳು. ಅವರು ಏನು ಹೇಳಬೇಕೆಂದು ತಿಳಿಯದೆ, ತಮಗೆ ಗೊತ್ತಿದ್ದ ರೀತಿಯಲ್ಲಿ, ಎಡಗೈಯನ್ನು ಬಟ್ಟಲಿನಂತೆ ಮಾಡಿ ಅದರ ಮೇಲೆ ಪುಸ್ತಕವಿಟ್ಟು ಮುಂದೆ ಹಿಡಿದರು. ಅವಳು ತೆಗೆದುಕೊಂಡಳು.

“ಸರ್‌ಗೆ ಏನಾರ ಹೇಳಲೇ ಮುಸ್ಕಾನ,” ಎಂದು ಶೈಲಾ ಅವಳನ್ನು ತಿವಿದಳು.

ಎರಡೂ ಕೈ ಪುಸ್ತಕದಿಂದ ತುಂಬಿದ್ದ ಕಾರಣ ಸುಪರ್ದುದಾರರಿಗೆ ಆ ಹೊತ್ತಿನಲ್ಲಿ ಏನನ್ನೂ ಹೇಳಲಾಗಿರುವುದಿಲ್ಲ.

ಸಹಿ/-
(ಭೀಮರಾಜ)
ಪ್ರಭಾರ ಅಧಿಕಾರಿ,
ಬಾಲಪುಸ್ತಕ ಶಿಸ್ತು ಕಚೇರಿ, ಕೂಡ್ಲಿಗಿ
(ಸಹಿಯನ್ನು ಬಲಗೈಯಿಂದ, ಕಾಗದದ ಮೇಲೆ, ಪ್ರಾಪ್ತ ವಯಸ್ಸಿನಲ್ಲಿ ಮಾಡಲಾಗಿದೆ.)

ಪ್ರತಿಗಳು:
1. ಐದೂ ತಾಲ್ಲೂಕುಗಳ ಎಲ್ಲ ಪ್ರಾಥಮಿಕ ಶಾಲೆಗಳಿಗೆ: ಮಾಹಿತಿಗಾಗಿ. ಕೈಗಳಿಗೆ ತಿಳಿಯಪಡಿಸುವುದು.
2. ಚಹಾದ ಅಂಗಡಿ, ಕಚೇರಿಯ ಎದುರು: ಅವರಿಗೆ ಈಗಾಗಲೇ ಗೊತ್ತಿರುವುದರಿಂದ, ಔಪಚಾರಿಕವಾಗಿ.
3. ಶ್ರೀ ನೂರ್ ಅಹಮದ್, ಮೆಕ್ಯಾನಿಕ್: ಮೀಸೆಯನ್ನು ಯಥಾಸ್ಥಿತಿಯಲ್ಲಿ ಕಾಪಾಡಿಕೊಳ್ಳಲು ಕೋರಿ.
4. ಖಾಸಿಂ ಬೀ: ಹೆಬ್ಬೆಟ್ಟು ನಿರಾಕರಣೆಯ ಬಗ್ಗೆ ಕ್ರಮ ಜರುಗಿಸಲು ಸೂಕ್ತ ನಿಯಮ ಸಿಗದ ಕಾರಣ, ನಮಸ್ಕಾರಪೂರ್ವಕವಾಗಿ.
5. ಕುಮಾರಿ ಮುಸ್ಕಾನ್, ಸುಪರ್ದುದಾರರು: ಈ ಸುತ್ತೋಲೆಯನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಸ್ಪಷ್ಟವಾಗಿ ಕೇಳಿಸಿತೆಂಬುದಕ್ಕೆ ಅವರ ಸೈನ್ ಪಡೆದು ಕಚೇರಿಗೆ ಹಿಂತಿರುಗಿಸುವುದು.
6. ಕಚೇರಿ ಪ್ರತಿ.